ಹೆಸರು ಒಂದು ಕಾಲದ್ದು, ಎಂಜಿನ್ ಇನ್ನೊಂದು ಕಾಲದ್ದು

ಕೋಲ್ಕತ್ತಾದ ಎಸ್ಪ್ಲನೇಡ್‌ನಲ್ಲಿ, ಧರ್ಮತಲಾ ಮೂಲೆಯಲ್ಲಿ, ಟಿಪ್ಪು ಸುಲ್ತಾನ್ ಮಸೀದಿ ಇದೆ. ಹೆಸರು ಕೇಳಿದವರು ಟಿಪ್ಪುವೇ ಕಟ್ಟಿಸಿದ್ದು ಅಂದುಕೊಳ್ತಾರೆ. ಆದರೆ ಟಿಪ್ಪು ಶ್ರೀರಂಗಪಟ್ಟಣದಲ್ಲಿ ಶಹೀದರಾದದ್ದು 1799ರಲ್ಲಿ. 1806ರ ವೆಲ್ಲೂರು ದಂಗೆಯ ನಂತರ ಬ್ರಿಟಿಷರು ಅವರ ಕುಟುಂಬವನ್ನು ಕಲ್ಕತ್ತೆಗೆ ಸಾಗಿಸಿದರು. ಕಿರಿಯ ಮಗ ಗುಲಾಂ ಮುಹಮ್ಮದ್ ಈ ಮಸೀದಿ ಕಟ್ಟಿಸಿದ್ದು 1842ರಲ್ಲಿ. ತಂದೆಯ ಶಹಾದತ್‌ಗೂ ಕಟ್ಟಡಕ್ಕೂ ನಡುವೆ 43 ವರ್ಷ.

ಇದೇ ಮಸೀದಿಯ ಮುಂದೆ ದಶಕಗಳ ಕಾಲ ಓಡಾಡಿದ ಹಳದಿ ಅಂಬಾಸಿಡರ್ ಟ್ಯಾಕ್ಸಿಗಳ ವಿಷಯವೂ ಹೀಗೇ. ಕಾರಿನ ಮೇಲಿನ ಹೆಸರು ನೋಡಿ ಒಳಗಿನ ಎಂಜಿನ್ನಿನ ವಯಸ್ಸು ಹೇಳೋಕಾಗಲ್ಲ. ಹೂಗ್ಲಿ ನದಿಯಾಚೆ ಉತ್ತರಪಾರದಲ್ಲಿ ಹಿಂದೂಸ್ತಾನ್ ಮೋಟರ್ಸ್ 1957ರಿಂದ 2014ರವರೆಗೆ ಈ ಕಾರನ್ನು ತಯಾರಿಸಿತು. ಹೊರರೂಪ ಹೆಚ್ಚು ಬದಲಾಗಲಿಲ್ಲ, ಹೊಟ್ಟೆಯೊಳಗಿನದು ಮಾತ್ರ ಬದಲಾಗುತ್ತಾ ಹೋಯಿತು. ಮೊದಲು 1476 ಸಿಸಿಯ ಸೈಡ್ ವಾಲ್ವ್ ಎಂಜಿನ್, 1959ರ ಸುಮಾರಿಗೆ 1489 ಸಿಸಿಯ ಓವರ್‌ಹೆಡ್ ವಾಲ್ವ್, ಆಮೇಲೆ ಡೀಸೆಲ್, 1990ರ ದಶಕದಲ್ಲಿ ಇಸುಜು.

ಹಾಗಾದರೆ ಗುರುತಿಸೋದು ಹೇಗೆ? ಬಾನೆಟ್ ಎತ್ತಿ ಮೊದಲು ಹೆಡ್ ನೋಡಿ. ಹೆಡ್ ಚಪ್ಪಟೆಯಾಗಿದ್ದು ಸ್ಪಾರ್ಕ್ ಪ್ಲಗ್‌ಗಳು ಅದರ ನೆತ್ತಿಯ ಮೇಲೇ ನಿಂತಿದ್ದರೆ ಅದು ಸೈಡ್ ವಾಲ್ವ್. ವಾಲ್ವ್‌ಗಳು ಬ್ಲಾಕಿನಲ್ಲಿ, ಸಿಲಿಂಡರಿನ ಪಕ್ಕದಲ್ಲಿರುತ್ತವೆ. ಮೇಲೆ ಉದ್ದನೆಯ ಟ್ಯಾಪೆಟ್ ಕವರ್ ಇದ್ದು ಪ್ಲಗ್‌ಗಳು ಪಕ್ಕದಿಂದ ಹೊಕ್ಕಿದ್ದರೆ ಓವರ್‌ಹೆಡ್. ಹಾಗಂತ ಸೈಡ್ ವಾಲ್ವ್ ಅಂದರೆ ಹಳೇದು, ಓವರ್‌ಹೆಡ್ ಅಂದರೆ ಹೊಸದು ಅಂತ ತೀರ್ಮಾನಿಸಬೇಡಿ. ಇದೇ ಕಂಪನಿಯ ಇನ್ನೂ ಹಳೆಯ ಕಾರು ಹಿಂದೂಸ್ತಾನ್ 10. ಅದರ ಮೂಲ ಬ್ರಿಟನ್ನಿನ ಮೋರಿಸ್ ಟೆನ್, ಅದರದ್ದು ಓವರ್‌ಹೆಡ್ ಎಂಜಿನ್! ಅಂದಹಾಗೆ ಆ 'ಟೆನ್' ಎಂಜಿನ್ನಿನ ನಿಜವಾದ ಶಕ್ತಿ ಅಲ್ಲ, ಬ್ರಿಟಿಷರ ತೆರಿಗೆಯ ಲೆಕ್ಕ. ಸಿಲಿಂಡರಿನ ವ್ಯಾಸವನ್ನು ಇಂಚಿನಲ್ಲಿ ವರ್ಗ ಮಾಡಿ, ಸಿಲಿಂಡರ್‌ಗಳ ಸಂಖ್ಯೆಯಿಂದ ಗುಣಿಸಿ, 2.5ರಿಂದ ಭಾಗಿಸಬೇಕು. ಎರಡೂವರೆ ಇಂಚಿನ ನಾಲ್ಕು ಸಿಲಿಂಡರಿಗೆ ಸರಿಯಾಗಿ 10 ಬರುತ್ತೆ, ಮಕ್ಕಳು ಮಾಡಿ ನೋಡಲಿ.

ಎರಡನೇ ಸಾಕ್ಷಿ ಅಳತೆ. 1476 ಸಿಸಿ ಎಂಜಿನ್ನಿನ ಬೋರ್ 73.5 ಮಿ.ಮೀ., ಸ್ಟ್ರೋಕ್ 87. 1489 ಸಿಸಿಯದ್ದು ಬೋರ್ 73.025, ಸ್ಟ್ರೋಕ್ 88.9. ಸವೆದ ಸಿಲಿಂಡರನ್ನು ಗ್ಯಾರೇಜಿನವರು ಬೋರಿಂಗ್ ಮಾಡಿ ಅರ್ಧ ಮಿ.ಮೀ.ನಷ್ಟು ಹಿಗ್ಗಿಸುವುದು ಮಾಮೂಲಿ. ಹಾಗೆ ಹಿಗ್ಗಿಸಿದರೆ ಎರಡನೆಯದರ ಬೋರ್ ಮೊದಲನೆಯದರಷ್ಟೇ ಆಗಿಬಿಡುತ್ತೆ! ಬೋರ್ ಸುಳ್ಳು ಹೇಳಬಹುದು. ಸ್ಟ್ರೋಕ್ ಕ್ರ್ಯಾಂಕಿನಿಂದ ನಿಗದಿಯಾಗೋದು, ಬೋರಿಂಗ್‌ನಿಂದ ಅದು ಬದಲಾಗಲ್ಲ.

ಮೂರನೆಯದು ಬ್ಲಾಕಿನ ನಂಬರು. ಬ್ರಿಟನ್ನಿನ ಬಿಎಂಸಿ ಎಂಜಿನ್‌ಗಳಲ್ಲಿ ನಂಬರಿನ ಆರಂಭದ 15 ಅಂದರೆ ಒಂದೂವರೆ ಲೀಟರ್, 18 ಅಂದರೆ 1.8 ಲೀಟರ್. ಅದನ್ನು 1915, 1918 ಅಂತ ಇಸವಿಯಾಗಿ ಓದಿದರೆ ಕೆಟ್ಟಿತು. ಟಿಪ್ಪುವಿನ ನಾಣ್ಯಗಳಲ್ಲೂ ಇದೇ ಪೇಚು: ಮೊದಲ ವರ್ಷಗಳವು ಹಿಜರಿ ಲೆಕ್ಕ, ಆಮೇಲಿನವು ಮೌಲೂದಿ ಲೆಕ್ಕ, ಆ ಮೌಲೂದಿ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಅಂಕಿ ಕಂಡರೆ ಸಾಲದು, ಯಾವ ಲೆಕ್ಕದ ಅಂಕಿ ಅನ್ನೋದು ಗೊತ್ತಿರಬೇಕು. ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯೋದನ್ನು ಆರ್‌ಟಿಒ ಕಚೇರಿಗಳಲ್ಲಿ ನೋಡಿರುತ್ತೀರಿ. ಶಾಸನತಜ್ಞರು ಕಲ್ಲಿನಿಂದ ಅಚ್ಚು ತೆಗೆಯೋದೂ ಹೆಚ್ಚುಕಡಿಮೆ ಹಾಗೇ.

ಇಷ್ಟು ತಲೆಕೆಡಿಸಿಕೊಳ್ಳೋದು ಯಾಕೆ ಅಂದರೆ, ಇದರಲ್ಲಿ ಹಣ ಇದೆ, ಕಾನೂನೂ ಇದೆ. 2021ರ ಕೇಂದ್ರ ನಿಯಮದಂತೆ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ ಕಾರಿಗೆ ಮಾತ್ರ 'ವಿಎ' ಅಕ್ಷರಗಳ ವಿಂಟೇಜ್ ನಂಬರ್ ಪ್ಲೇಟ್ ಸಿಗುತ್ತೆ. ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಟ್ಯಾಕ್ಸಿಯಾಗಿ ದುಡಿದ ಎಷ್ಟೋ ಕಾರುಗಳು ಇಲ್ಲೇ ಸೋಲುತ್ತವೆ. ಪೆಟ್ರೋಲ್ ತುಟ್ಟಿಯಾದಾಗ ಎಂಜಿನ್ ಇಳಿಸಿ ಡೀಸೆಲ್ ಕೂರಿಸಿದ್ದನ್ನು ನಮ್ಮ ಊರುಗಳಲ್ಲೂ ಕಂಡಿದ್ದೇವೆ. ಮನೆ ನಡೆಸಲು ಮಾಡಿದ ಆ ಬದಲಾವಣೆಯನ್ನು ನಾನಂತೂ 'ಕೆಡಿಸಿದ್ದು' ಅನ್ನಲಾರೆ, ಅದೂ ಆ ಕಾರಿನ ಇತಿಹಾಸವೇ. ಹಾಗೆ ಕಳಚಿದ ಭಾಗಗಳನ್ನು ಕೋಲ್ಕತ್ತಾದ ಮಲ್ಲಿಕ್ ಬಜಾರಿನಲ್ಲಿ, ನಮ್ಮ ಬೆಂಗಳೂರಿನ ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಹುಡುಕಬಹುದು. ಅಲ್ಲಿನ ಉಸ್ತಾದರು ನಂಬರು ಓದುವ ಮೊದಲೇ ಎರಕದ ಮೇಲೆ ಕೈಯಾಡಿಸಿ ಎಂಜಿನ್ ಯಾವುದು ಅಂತ ಹೇಳಿಬಿಡ್ತಾರೆ. ಆ ವಿದ್ಯೆಯನ್ನು ಬರೆದಿಟ್ಟ ಪುಸ್ತಕ ಮಾತ್ರ ಕನ್ನಡದಲ್ಲಾಗಲಿ ಉರ್ದುವಿನಲ್ಲಾಗಲಿ ನನ್ನ ಕಣ್ಣಿಗೆ ಬಿದ್ದಿಲ್ಲ.