ಗೋಮಾಳದ ಹಸಿರು, ಕೇರಿಯ ಸೈಟು

ನಮ್ಮ ಕೇರಿಯವರು ಊರಾಚೆಯ ಗೋಮಾಳದಲ್ಲಿ ನಾಲ್ಕು ಎಕರೆಯನ್ನು ಸೈಟಿಗೆ ಬಿಡಿ ಎಂದು ಅರ್ಜಿ ಕೊಟ್ಟಾಗ ಗ್ರಾಮಸಭೆಯಲ್ಲಿ ಎದ್ದ ಮೊದಲ ಮಾತು, 'ಹಸಿರೆಲ್ಲ ಹಾಳಾಗ್ತದೆ'. ಅದೇ ಗೋಮಾಳದ ಪಡುವಣ ಮೂಲೆಯನ್ನು ಜಲ್ಲಿ ಕ್ರಷರ್ ತಿಂದು ಹಾಕಿದಾಗ ಈ ಬಾಯಿಗಳು ಮುಚ್ಚಿಕೊಂಡಿದ್ದವು. 'ದನ ಎಲ್ ಮೇಯ್ಬೇಕ್ರಲಾ?' ಎಂದು ಕೇಳಿದ ಗೌಡರ ಕೊಟ್ಟಿಗೆಯಲ್ಲಿ ಈಗ ನಿಂತಿರುವುದು ಟ್ರ್ಯಾಕ್ಟರು. ಆದರೂ ಕೇಳಿದ ಪ್ರಶ್ನೆಗೆ ಉತ್ತರ ಕೊಡಬೇಕಲ್ಲ. ಅದಕ್ಕಾಗಿ ನಾವು ಹಳೆಯ ಪುಸ್ತಕ, ಕಾನೂನು, ತೀರ್ಪುಗಳನ್ನು ತಡಕಿದೆವು. ಸಿಕ್ಕಿದ್ದನ್ನು ಗೆಳೆಯರ ಮುಂದೆ ಇಡುತ್ತಿದ್ದೇವೆ.

1873ರಲ್ಲಿ ಮೆಕೆಂಜಿ ಎಂಬ ಬ್ರಿಟಿಷ್ ಕ್ಯಾಪ್ಟನ್ ಮೈಸೂರು ಸೀಮೆಯ ಹೊಲೆಯರ ಬಗ್ಗೆ 'ಇಂಡಿಯನ್ ಆಂಟಿಕ್ವೆರಿ' ಪತ್ರಿಕೆಯಲ್ಲಿ ಬರೆದ. ಪ್ರತಿ ಊರಿಗೂ ಒಂದು ಹೊಲಗೇರಿ ಉಂಟು, ಅದು ಊರ ಬೇಲಿಯ ಆಚೆಗೆ ಇರುತ್ತದೆ ಎಂದು ಆತ ಗುರುತು ಮಾಡಿಕೊಂಡ. ಇದು ನಮಗೆ ಗೊತ್ತಿಲ್ಲದ್ದಲ್ಲ. ನಾವು ಪುಸ್ತಕ ಮುಚ್ಚಿ ಕುಳಿತದ್ದು ಮುಂದಿನ ಮಾತಿಗೆ. ಎರಡು ಊರಿನ ನಡುವೆ ಎಲ್ಲೆಯ ಜಗಳ ಬಂದರೆ ಅದನ್ನು ತೀರಿಸುತ್ತಿದ್ದವನು ಕುಳವಾಡಿ. ಊರಿನ ಮಣ್ಣನ್ನು ಉಂಡೆ ಮಾಡಿ ತಲೆಯ ಮೇಲೆ ಇಟ್ಟುಕೊಂಡು ಅವನು ಎಲ್ಲೆಯ ಗುಂಟ ನಡೆಯಬೇಕು. ಸರಿಯಾದ ಗೆರೆಯಲ್ಲಿ ನಡೆದರೆ ಏನೂ ಆಗುವುದಿಲ್ಲ. ಮರೆತೋ ತಪ್ಪಿಯೋ ಒಂದು ಹೆಜ್ಜೆ ಆಚೆ ಇಟ್ಟರೆ ಉಂಡೆ ತಾನಾಗಿ ಒಡೆಯುತ್ತದೆ, ಹದಿನೈದು ದಿನದೊಳಗೆ ಕುಳವಾಡಿ ಸಾಯುತ್ತಾನೆ, ಅವನ ಮನೆ ಹಾಳು ಬೀಳುತ್ತದೆ. ಹೀಗೆಂದು ಜನ ನಂಬಿದ್ದರು.

ನೋಡಿ, ಎಂಥ ಏರ್ಪಾಡು! ಊರಿನ ಅಳತೆಗೆ ನಮ್ಮ ತಲೆ ಬೇಕು. ತಪ್ಪಿದರೆ ಸಾಯುವುದು ನಾವು, ತಪ್ಪದಿದ್ದರೆ ಭೂಮಿ ಅವರದು. ಎಲ್ಲೆ ಬಲ್ಲವನಿಗೆ ಎಲ್ಲೆಯೊಳಗೆ ಒಂದು ಮನೆಯ ಜಾಗ ಇರಲಿಲ್ಲ.

1863ರಲ್ಲಿ ಮೈಸೂರಿನಲ್ಲಿ ಕಂದಾಯ ಸರ್ವೆ ಶುರುವಾಯಿತು. ಊರೂರಿಗೂ ನಕ್ಷೆ ಬಂತು, ನೆಲಕ್ಕೆಲ್ಲ ನಂಬರು ಬಿತ್ತು. ಉಂಡೆ ಹೊತ್ತವರ ಮಕ್ಕಳು ತೋಟಿ, ತಳವಾರರಾಗಿ ಮೋಜಣಿಯವರ ಹಿಂದೆ ಓಡಾಡಿದರು. ಹೊಲಕ್ಕೆ ನಂಬರು, ಕೆರೆಗೆ ನಂಬರು, ಗುಂಡುತೋಪಿಗೂ ನಂಬರು. ಮನೆ ಕಟ್ಟುವ ಜಾಗ ಗ್ರಾಮಠಾಣಾ ಆಯಿತು. ನಮ್ಮ ಕಡೆಯ ಊರುಗಳಲ್ಲಿ ಯಾರು ಬೇಕಾದರೂ ಹೋಗಿ ನೋಡಲಿ: ಊರಿಗೆ ಹಿತ್ತಲು, ಕಣ, ಬೀದಿ, ತಿಪ್ಪೆಗೆ ಕೂಡ ಜಾಗ, ಕೇರಿಗೆ ಮಾತ್ರ ಗೋಡೆಗೆ ಗೋಡೆ ಅಂಟಿದ ಎರಡು ಸಾಲು. ಅಂದಿನ ಆ ಎರಡು ಸಾಲಲ್ಲೇ ಇವತ್ತಿನ ಮೊಮ್ಮಕ್ಕಳೂ ಮಲಗಬೇಕು. ಒಂದೇ ಅಂಕಣದಲ್ಲಿ ಸೀರೆ ಅಡ್ಡ ಕಟ್ಟಿ ಅಣ್ಣತಮ್ಮಂದಿರಿಬ್ಬರ ಸಂಸಾರ ನಡೆಯುವುದನ್ನು ನಾವು ಕಣ್ಣಾರೆ ಕಂಡವರು. ಆ ಸೀರೆಯ ಈಚೆ ಬುಡ್ಡಿ ಇಟ್ಟುಕೊಂಡು ನಾವು ಬಿ.ಎ. ಓದಿದೆವು.

ದನಗಳ ವಿಷಯಕ್ಕೆ ಬಂದರೆ ಸರ್ಕಾರದ ಲೆಕ್ಕ ಬಲು ಚೊಕ್ಕ. 1966ರ ಕರ್ನಾಟಕ ಭೂಕಂದಾಯ ನಿಯಮಗಳ 97ನೇ ನಿಯಮ ಹೇಳುತ್ತದೆ: ನೂರು ದನಕ್ಕೆ 12 ಹೆಕ್ಟೇರ್, ಅಂದರೆ ಹತ್ತಿರ ಹತ್ತಿರ 30 ಎಕರೆ ಗೋಮಾಳ ಮೀಸಲು ಇಡಬೇಕು. ಈ ನಿಯಮಕ್ಕೆ ನಮ್ಮ ವಿರೋಧವಿಲ್ಲ. ದನಕ್ಕೂ ಹೊಟ್ಟೆ ಇದೆ. ಆದರೆ ಕೇರಿಯ ನೂರು ಜನಕ್ಕೆ ಇಷ್ಟು ಎಕರೆ ಎಂದು ಹಿಂಗೇ ಎಣಿಸಿ ಮೊದಲೇ ಮೀಸಲಿಟ್ಟ ನಿಯಮವೊಂದು ನಮ್ಮ ಕಣ್ಣಿಗೆ ಬೀಳಲಿಲ್ಲ. ಅದೇ ನಿಯಮದಲ್ಲಿ ಇನ್ನೊಂದು ಮಾತೂ ಇದೆ: ದನಗಳ ಲೆಕ್ಕಕ್ಕೆ ಮೀರಿದ ಗೋಮಾಳವನ್ನು ಜಿಲ್ಲಾಧಿಕಾರಿ ಕಡಿಮೆ ಮಾಡಿ ಬೇರೆ ಕೆಲಸಕ್ಕೆ ಬಿಡಬಹುದು. ಹಾಗಾದರೆ ಮೊದಲು ಊರಿನ ದನ ಎಣಿಸಲಿ. ಗ್ರಾಮಸಭೆಯಲ್ಲಿ ನಾವು ಕೇಳಿದ್ದು ಇಷ್ಟೇ. ಅದಕ್ಕೇ ಕುರ್ಚಿಗಳು ಬಿದ್ದವು.

ನೆಲ ಕೇಳುವುದು ನಿನ್ನೆ ಮೊನ್ನೆಯ ಕತೆಯಲ್ಲ. ಮದ್ರಾಸ್ ಪ್ರಾಂತದಲ್ಲಿ 1892ರಲ್ಲೇ ಪಂಚಮರಿಗೆ ಸರ್ಕಾರಿ ನೆಲ ಬಿಡುವ ಆಜ್ಞೆ ಹೊರಟಿತು. ಆ ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡದಲ್ಲಿ ದಲಿತರಿಗೆಂದು ಮೀಸಲಿಟ್ಟ 'ಡಿ.ಸಿ. ಮನ್ನಾ' ಜಮೀನಿಗಾಗಿ ನಮ್ಮವರು ಇನ್ನೂ ಧರಣಿ ಕೂರುತ್ತಿದ್ದಾರೆ. ಬಾಬಾಸಾಹೇಬರಂತೂ ಊರಂಚಿನ ಸೈಟು ಕೇಳಿದವರೇ ಅಲ್ಲ. 1942ರ ಜುಲೈನಲ್ಲಿ ನಾಗಪುರದಲ್ಲಿ ಸೇರಿದ ಅಖಿಲ ಭಾರತ ದಲಿತ ವರ್ಗಗಳ ಸಮ್ಮೇಳನ ಬೇರೆ ಹಳ್ಳಿಗಳನ್ನೇ ಕೇಳಿತು. 1947ರ 'ಸ್ಟೇಟ್ಸ್ ಅಂಡ್ ಮೈನಾರಿಟೀಸ್' ಮನವಿಯಲ್ಲಿ ಅವರು ಇದಕ್ಕಾಗಿ ಒಂದು ವಸಾಹತು ಆಯೋಗವನ್ನೇ ಸಂವಿಧಾನದೊಳಗೆ ಸೇರಿಸಲು ಹೇಳಿದರು. ಸಾಗುವಳಿಗೆ ಬರುವ ಸರ್ಕಾರಿ ಬಂಜರು ಆ ಆಯೋಗದ ಕೈಯಲ್ಲಿರಬೇಕು, ಅಲ್ಲಿ ಪರಿಶಿಷ್ಟರ ಹೊಸ ಹಳ್ಳಿಗಳು ಏಳಬೇಕು. ಮನೆಯ ಜೊತೆ ಹೊಲವೂ ಇದ್ದರೆ ಗೌಡನ ಕಣದಲ್ಲಿ ಕೈಕಟ್ಟಿ ನಿಲ್ಲುವುದು ತಪ್ಪುತ್ತದೆ ಎಂಬುದು ಅವರ ಲೆಕ್ಕ. ಸಂವಿಧಾನ ಬಂತು, ಆಯೋಗ ಬರಲಿಲ್ಲ.

ನಮಗೆ ಬಂದದ್ದು ಸೈಟು. 1971ರಲ್ಲಿ ಕೇಂದ್ರ ಸರ್ಕಾರ ಭೂಹೀನ ಕೂಲಿಗಳಿಗೆ ನಿವೇಶನದ ಯೋಜನೆ ತಂದಿತು. ದೇವರಾಜ ಅರಸರ ಕಾಲದಲ್ಲಿ, 1972ರಲ್ಲಿ, ಮನೆ ನಿವೇಶನಕ್ಕಾಗಿ ಖಾಸಗಿ ಜಮೀನನ್ನೂ ಸ್ವಾಧೀನ ಮಾಡಿಕೊಳ್ಳುವ ಕಾನೂನು ಇಲ್ಲಿ ಆಯಿತು. ಜನತಾ ಮನೆಗಳು ಎದ್ದವು. ಮಂಗಳೂರು ಹೆಂಚಿನ ಆ ಸಣ್ಣ ಮನೆಯೊಳಗೆ ಬಗ್ಗದೆ ಕಾಲಿಟ್ಟ ದಿನವನ್ನು ನಮ್ಮಜ್ಜಿ ಸಾಯುವ ತನಕ ಹೇಳುತ್ತಿದ್ದಳು. ಅದನ್ನು ನಾವು ಸಣ್ಣದೆನ್ನುವುದಿಲ್ಲ. ಆದರೆ ಬಹಳ ಊರುಗಳಲ್ಲಿ ಆ ಸೈಟುಗಳು ಬಿದ್ದದ್ದು ಎಲ್ಲಿ? ಹಳೆಯ ಕೇರಿಗಿಂತ ಇನ್ನೂ ಆಚೆ, ಕಲ್ಲುಬಂಡೆಯ ಮೇಲೆ, ಇಲ್ಲವೇ ಕೆರೆಕೋಡಿಯ ಜೌಗಿನಲ್ಲಿ. ಕೈಯಲ್ಲಿ ಕಾನೂನು ಇದ್ದೂ ಊರ ನಡುವಿನ ಜಮೀನಿಗೆ ಕೈ ಹಾಕಲು ಧೈರ್ಯ ಬೇಕಿತ್ತು. ಮಣ್ಣಿನ ಗೋಡೆ ಹೋಗಿ ಇಟ್ಟಿಗೆ ಬಂತು, ದೂರ ಹಾಗೇ ಉಳಿಯಿತು.

ಇನ್ನು ಹಸಿರಿನ ಮಾತು. ಹಸಿರಿಗೆ ನಕ್ಷೆಯಲ್ಲಿ ಬಣ್ಣ ಬಳಿದದ್ದು ಬೆಂಗಳೂರಿನಲ್ಲಿ. 1984ರ ನಗರ ಯೋಜನೆಯಲ್ಲಿ 1279 ಚದರ ಕಿಲೋಮೀಟರ್ ಪ್ರದೇಶದ ಪೈಕಿ ಸುಮಾರು 839ನ್ನು ಹಸಿರು ಪಟ್ಟಿ ಎಂದು ಬರೆದರು. 1995ರಲ್ಲಿ ಯೋಜನೆ ತಿದ್ದಿದಾಗ ನಗರ ಹಿಗ್ಗಿ ಪಟ್ಟಿ ಕುಗ್ಗಿತು, 2007ರಲ್ಲಿ ಒಪ್ಪಿಗೆಯಾದ ಯೋಜನೆಯಲ್ಲಿ ಇನ್ನೂ ಕುಗ್ಗಿತು. ಅದನ್ನು ತಿಂದವರು ಕೇರಿಯವರಲ್ಲ. ಬೆಂಗಳೂರು ಸುತ್ತಲಿನ ಸರ್ಕಾರಿ ಜಮೀನಿನ ಒತ್ತುವರಿ ಹುಡುಕಿದ ಎ.ಟಿ. ರಾಮಸ್ವಾಮಿ ಸದನ ಸಮಿತಿ 27 ಸಾವಿರ ಎಕರೆಗೂ ಮೀರಿದ ಲೆಕ್ಕ ಕೊಟ್ಟಿತು. ಸೋಗೆ ಗುಡಿಸಲು ಹಾಕಿ ಅಷ್ಟು ಎಕರೆ ಮುಚ್ಚಲಾದೀತೇ?

ನಮ್ಮೂರ ಸಭೆಯಲ್ಲಿ ಒಬ್ಬರು ಸುಪ್ರೀಂ ಕೋರ್ಟಿನ ತೀರ್ಪೊಂದರ ಹಾಳೆ ಬೀಸಿದರು. ಅದು 2011ರ ಜನವರಿ 28ರ ಜಗಪಾಲ್ ಸಿಂಗ್ ಪ್ರಕರಣ. ಪಂಜಾಬಿನ ಹಳ್ಳಿಯೊಂದರ ಕೆರೆಯಂಗಳದಲ್ಲಿ ಮನೆ ಕಟ್ಟಿಕೊಂಡವರ ವಿಷಯ. ಹಳ್ಳಿಯ ಸಾಮುದಾಯಿಕ ಜಮೀನಿನ ಅಕ್ರಮ ಒತ್ತುವರಿ ತೆರವು ಮಾಡಿ ಎಂದು ಎಲ್ಲ ರಾಜ್ಯಗಳಿಗೂ ಕೋರ್ಟು ಹೇಳಿದ್ದು ನಿಜ. ಹಾಳೆಯನ್ನು ನಾವೂ ಇಸಿದುಕೊಂಡು ಓದಿದೆವು. ಆ ಮನುಷ್ಯ ಕೊನೆ ಪುಟ ಓದಿರಲಿಲ್ಲ. ಸಕ್ರಮಕ್ಕೆ ಅವಕಾಶವಿರುವ ಅಪವಾದಗಳನ್ನು ಅಲ್ಲಿ ಹೇಳಿದ್ದಾರೆ: ಸರ್ಕಾರದ ಅಧಿಸೂಚನೆಯ ಮೇಲೆ ಭೂಹೀನ ಕೂಲಿಗಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಕೊಟ್ಟ ಜಾಗ, ಶಾಲೆ, ಆಸ್ಪತ್ರೆ ಇರುವ ಜಾಗ. ನಾವು ಒತ್ತುವರಿ ಮಾಡಿಲ್ಲ, ಅರ್ಜಿ ಕೊಟ್ಟಿದ್ದೇವೆ. ಹಳ್ಳಿ ಮೇಷ್ಟ್ರುಗಳು ಆ ಪುಟವನ್ನು ಕನ್ನಡಕ್ಕೆ ಬರೆದು ಪಂಚಾಯ್ತಿ ಗೋಡೆಗೆ ಅಂಟಿಸಿದರೆ ದೊಡ್ಡ ಉಪಕಾರ.

ನಮ್ಮೊಳಗಿನ ಒಂದು ಜಗಳವನ್ನೂ ಮುಚ್ಚಿಡಬಾರದು. ಗೋಮಾಳದಲ್ಲಿ ಈಗ ನಿಜಕ್ಕೂ ಮೇಯುತ್ತಿರುವುದು ಕೇರಿಯ ಆಡು, ಎಮ್ಮೆಗಳು. ಅಲ್ಲಿನ ಜಾಲಿಪುಳ್ಳೆಯಲ್ಲೇ ನಮ್ಮ ಒಲೆ ಉರಿಯುವುದು. ಸತ್ತವರನ್ನು ಮಣ್ಣು ಮಾಡುವುದೂ ಅದರ ಒಂದು ಅಂಚಿನಲ್ಲಿ. 'ಸೈಟು ಕೊಟ್ಟು ಮಿಕ್ಕಿದ್ದಕ್ಕೆ ಬೇಲಿ ಹಾಕ್ತಾರೆ, ಆಮ್ಯಾಕೆ ನಾನು ಆಡು ಎಲ್ ಕಟ್ಲಿ ಮಗಾ?' ಎಂದು ನಮ್ಮ ದೊಡ್ಡವ್ವ ಕೇಳಿದಳು. ಗೌಡರ ಪ್ರಶ್ನೆಗೆ ಉತ್ತರ ಸಿಕ್ಕಿತು, ಇವಳ ಪ್ರಶ್ನೆಗೆ ನಾವು ತಬ್ಬಿಬ್ಬಾದೆವು. ಅದಕ್ಕೇ ಅರ್ಜಿ ತಿದ್ದಿ ಬರೆದೆವು: ನಾಲ್ಕು ಎಕರೆ ಸೈಟಿಗೆ, ಸ್ಮಶಾನಕ್ಕೆ ಬೇರೆ ನಂಬರು, ಕ್ರಷರ್ ಹಿಡಿದ ಮೂಲೆಯನ್ನು ಬಿಡಿಸಿ ಮೇವಿಗೆ. ಮೂರೂ ಒಟ್ಟಿಗೆ ಆಗಬೇಕು. ಸೈಟುಗಳು ಶಾಲೆಯ ರಸ್ತೆಯ ಕಡೆಗೇ ಬೀಳಬೇಕು, ಬಂಡೆಯ ಕಡೆಗಲ್ಲ.

ಹೋದ ವಾರ ಸರ್ವೆಯವರು ಬಂದಿದ್ದರು. ನಕ್ಷೆ ಹರಡಿ ಅರ್ಧ ದಿನ ತಿರುಗಿದರೂ ಬಾಂದುಕಲ್ಲು ಸಿಗಲಿಲ್ಲ. ಕೊನೆಗೆ ಕೇರಿಗೆ ಹೇಳಿಕಳಿಸಿದರು. ಕುಳವಾಡಿ ಮನೆತನದ ನಮ್ಮ ದೊಡ್ಡಪ್ಪ ಕೋಲೂರಿಕೊಂಡು ಹೋಗಿ, ಕ್ರಷರಿನ ಜಲ್ಲಿ ರಾಶಿಯ ಪಕ್ಕ ನಿಂತು, 'ಇಲ್ ಅಗೀರಿ ಸೋಮಿ' ಅಂದರು. ಮೊಣಕಾಲುದ್ದ ಅಗೆದ ಮೇಲೆ ಕಲ್ಲಿನ ತಲೆ ಕಂಡಿತು.