ಸಾರ್ವಜನಿಕರು ಮತ್ತು ಸಾರ್ವಜನಿಕ ವ್ಯಕ್ತಿ

ಚಂದಕವಾಡಿ ಹಳ್ಳಿಯವರು ಕೆಲಸದ ಮೇಲೆ ಚಾಮರಾಜನಗರಕ್ಕೆ ಹೋಗಿ ಯಾವ ಕಚೇರಿಯ ಮುಂದೆ ನಿಂತರೂ ‘ಸಾರ್ವಜನಿಕರ ಗಮನಕ್ಕೆ’ ಎಂಬ ಬೋರ್ಡು ಕಣ್ಣಿಗೆ ಬೀಳುತ್ತದೆ. ಪಹಣಿಗೋ ಪಿಂಚಣಿಗೋ ಜಾತಿ ಪ್ರಮಾಣಪತ್ರಕ್ಕೋ ಸಾಲು ನಿಂತವರಿಗೆ ಹೇಳಿದ ಮಾತು ಅದು. ಸಾಲು ಅಲ್ಲಾಡದೆ ನಿಂತಿರುವಾಗಲೇ ಗರಿಗರಿ ಬಿಳಿ ಅಂಗಿಯವರೊಬ್ಬರು ಪಕ್ಕದ ಬಾಗಿಲಿನಿಂದ ಒಳಗೆ ಹೋಗುತ್ತಾರೆ. ಅವರು ‘ಸಾರ್ವಜನಿಕ ವ್ಯಕ್ತಿ’. ಬರೀ ‘ಸಾರ್ವಜನಿಕರು’ ಎಂದರೆ ಕಾಯುವವರು. ಅದಕ್ಕೇ ‘ವ್ಯಕ್ತಿ’ ಸೇರಿತೋ, ಕಾಯಬೇಕಿಲ್ಲದವರು!

ಪತ್ರಿಕೆಗಳಲ್ಲೂ ಹಾಗೆಯೇ. ಸಾರ್ವಜನಿಕರು ಪರದಾಡುತ್ತಾರೆ, ಆಗ್ರಹಿಸುತ್ತಾರೆ, ಆಗೊಮ್ಮೆ ಈಗೊಮ್ಮೆ ಸರಗಳ್ಳನಿಗೆ ಧರ್ಮದೇಟು ಕೊಟ್ಟು ಪೊಲೀಸರಿಗೆ ಒಪ್ಪಿಸುತ್ತಾರೆ. ಅವರಿಗೆ ಹೆಸರಿರುವುದಿಲ್ಲ.

ಹಳ್ಳಿಯ ಬಾಯಲ್ಲಿ ‘ಸಾರ್ವಜನಿಕ ವ್ಯಕ್ತಿ’ ಎಂಬ ಮಾತು ಬರುವುದೇ ಇಲ್ಲ. ಈ ಸೀಮೆಯಲ್ಲಿ ಬೀದಿಗೆ ಯಜಮಾನರಿದ್ದಾರೆ, ಊರಿಗೆ ದೊಡ್ಡೋರಿದ್ದಾರೆ. ಈಚೆಗೆ ‘ಮುಖಂಡರು’ ಸೇರಿಕೊಂಡಿದ್ದಾರೆ; ಅವರು ಹುಟ್ಟುವುದು ಹೆಚ್ಚಾಗಿ ಫ್ಲೆಕ್ಸಿನ ಮೇಲೆ. ಹಬ್ಬದ ಫ್ಲೆಕ್ಸನ್ನು ಒಮ್ಮೆ ನಿಂತು ನೋಡಿ. ಮೇಲೆ ವೃತ್ತದೊಳಗೆ ಶಾಸಕರು, ಸಂಸದರು, ನಡುವೆ ಕೈಮುಗಿದ ‘ಯುವ ಮುಖಂಡ’, ಕೆಳಗೆ ಕಪ್ಪು ಕನ್ನಡಕದ ಸಣ್ಣಸಣ್ಣ ಮುಖಗಳು, ಒಂದೊಂದರ ಅಡಿಗೂ ‘ಸಮಾಜ ಸೇವಕರು’. ಒಂದು ಮುಖ ಬಿಟ್ಟುಹೋದರೆ ಹಬ್ಬಕ್ಕಿಂತ ಜಗಳವೇ ಜೋರು.

ಕಾನೂನು ಫ್ಲೆಕ್ಸ್ ನೋಡುವುದಿಲ್ಲ. ಮನುಷ್ಯ ಜನರ ಮುಂದೆ ಏನಿಟ್ಟ ಎಂದಷ್ಟೇ ಕೇಳುತ್ತದೆ. 1860ರ ದಂಡ ಸಂಹಿತೆಯ ಮಾನನಷ್ಟದ ಕಲಮು, 499, ಇದನ್ನು ಚೆನ್ನಾಗಿ ಬಿಡಿಸಿಟ್ಟಿತ್ತು. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮು. ವೇದಿಕೆ ಏರಿದ ನಟ, ಗಾಯಕ ತನ್ನ ನಟನೆಯನ್ನು, ಹಾಡನ್ನು ಜನರ ತೀರ್ಪಿಗೆ ಒಪ್ಪಿಸಿದಂತೆ. ಪುಸ್ತಕ ಅಚ್ಚು ಹಾಕಿಸಿದವನೂ ಅಷ್ಟೇ. ಪುಸ್ತಕ ಪೆದ್ದಾಗಿದೆ, ಅದನ್ನು ನೋಡಿದರೆ ಬರೆದವನೂ ಪೆದ್ದನೇ ಇರಬೇಕು ಎಂದು ಪ್ರಾಮಾಣಿಕವಾಗಿ ಹೇಳಬಹುದು. ಅವನು ಲಂಪಟ, ಆದ್ದರಿಂದ ಪುಸ್ತಕ ಹೀಗಿದ್ದರೆ ಆಶ್ಚರ್ಯವಿಲ್ಲ ಎಂದರೆ ಕಾನೂನಿನ ರಕ್ಷಣೆ ಸಿಗದು. ಕೃತಿಯಿಂದ ಕರ್ತೃವಿಗೆ ಹೋಗಬಹುದು, ಅವನ ಮಲಗುವ ಕೋಣೆಯಿಂದ ಕೃತಿಗೆ ಬರುವಂತಿಲ್ಲ. ಇವತ್ತಿನ ಟೀವಿ ಚರ್ಚೆಗಳು ಈ ಒಂದು ಗೆರೆಯನ್ನು ಪಾಲಿಸಿದರೆ ಅರ್ಧಕ್ಕರ್ಧ ನಿಂತೇ ಹೋಗುತ್ತವೆ.

1994ರಲ್ಲಿ, ಕೊಲೆ ಅಪರಾಧಿ ಆಟೋ ಶಂಕರ್‌ನ ಆತ್ಮಕಥೆ ಅಚ್ಚು ಹಾಕುವ ಕುರಿತ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನಷ್ಟು ಹೇಳಿತು. ಪ್ರತಿಯೊಬ್ಬನಿಗೂ ತನ್ನ ಪಾಡಿಗೆ ತಾನಿರುವ ಹಕ್ಕಿದೆ, ಆದರೆ ಅಧಿಕಾರದಲ್ಲಿರುವವರು ತಮ್ಮ ಕರ್ತವ್ಯದ ವಿಷಯದಲ್ಲಿ ಆ ಹಕ್ಕಿನ ಮರೆಗೆ ನಿಲ್ಲಲಾರರು. ತಾವಾಗಿಯೇ ವಿವಾದಕ್ಕೆ ಇಳಿದವರ ಮಾತೂ ಬೇರೆ. ಆ ಅರ್ಜಿ ಹಾಕಿದ್ದು ‘ನಕ್ಕೀರನ್’ ಪತ್ರಿಕೆಯ ಗೋಪಾಲ್. ಆರು ವರ್ಷದ ಮೇಲೆ ನಮ್ಮ ಗಡಿಯ ಕಾಡಿನಲ್ಲಿ ಸಂಧಾನಕ್ಕೆಂದು ಅಲೆದದ್ದೂ ಅದೇ ಗೋಪಾಲ್.

2000ದ ಜುಲೈ 30ರ ರಾತ್ರಿ, ಗಡಿಯಾಚೆಯ ಗಾಜನೂರಿನಲ್ಲಿ ಕಾಡುಗಳ್ಳ ವೀರಪ್ಪನ್ ನಟ ರಾಜ್‌ಕುಮಾರ್ ಅವರನ್ನು ಎತ್ತಿಕೊಂಡು ಹೋದ. ಅಣ್ಣಾವ್ರು ಒಂದು ಚುನಾವಣೆಗೂ ನಿಂತವರಲ್ಲ. ಯಾವ ಕುರ್ಚಿಯೂ ಇಲ್ಲದ ಆ ಮನುಷ್ಯನಿಗಾಗಿ ಎರಡು ಸರ್ಕಾರಗಳು ಕಂಗಾಲಾದವು, ಬೆಂಗಳೂರು ಬಾಗಿಲು ಹಾಕಿತು. ಅಭಿಮಾನಿಗಳನ್ನು ಅವರು ‘ದೇವರು’ ಎನ್ನುತ್ತಿದ್ದರು. ಬಿಳಿ ಅಂಗಿಯವರು ಸಾರ್ವಜನಿಕರಿಗೆ ಕೊಟ್ಟ ಪದಗಳಲ್ಲಿ ಇದಕ್ಕೆ ಸಾಟಿಯಾದದ್ದು ನಾನು ಕೇಳಿಲ್ಲ.

ಆದರೆ ರಾಜ್‌ಕುಮಾರ್ ಬಿಡುಗಡೆಗಾಗಿ ಕರ್ನಾಟಕ ಸರ್ಕಾರ ಒಂದು ದಾರಿ ಹಿಡಿಯಿತು. ವೀರಪ್ಪನ್‌ನ ಸಹಚರರೆಂದು ಮೈಸೂರಿನಲ್ಲಿ ಬಂಧನದಲ್ಲಿದ್ದವರ ಮೇಲಿನ ಭಯೋತ್ಪಾದನೆ ತಡೆ ಕಾಯ್ದೆ ಟಾಡಾದ ಆರೋಪಗಳನ್ನು ಹಿಂದಕ್ಕೆ ಪಡೆಯಲು ಹೊರಟಿತು, ವಿಶೇಷ ನ್ಯಾಯಾಲಯವೂ ಒಪ್ಪಿತು. ಒಪ್ಪದಿದ್ದವರು ಒಬ್ಬ ತಂದೆ. 1992ರ ಆಗಸ್ಟ್ 14ರಂದು ಮೀಣ್ಯದ ಬಳಿ ಎಸ್‌ಪಿ ಹರಿಕೃಷ್ಣ ಅವರೊಂದಿಗೆ ವೀರಪ್ಪನ್ ತಂಡದ ದಾಳಿಗೆ ಬಲಿಯಾದ ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹ್ಮದ್ ಅವರ ತಂದೆ ಅಬ್ದುಲ್ ಕರೀಂ. ಫ್ಲೆಕ್ಸಿನಲ್ಲಿ ಎಂದೂ ಬಾರದ ಹೆಸರು. ಅವರು ಸುಪ್ರೀಂ ಕೋರ್ಟಿಗೆ ಹೋದರು. 2000ದ ನವೆಂಬರ್ 7ರಂದು ನ್ಯಾಯಾಲಯ ಆ ಒಪ್ಪಿಗೆಯನ್ನು ರದ್ದು ಮಾಡಿತು. ಎಷ್ಟೇ ದೊಡ್ಡ ಮನುಷ್ಯನಾದರೂ ಅವನಿಗಾಗಿ ಮೊಕದ್ದಮೆ ಕೈಬಿಡಲು ಸರ್ಕಾರಕ್ಕೆ ಗಲಭೆಯ ಭಯವೊಂದೇ ಸಾಲದು ಎಂದು ನಾನು ಆ ತೀರ್ಪಿನಿಂದ ತಿಳಿದುಕೊಂಡಿದ್ದೇನೆ.

ರಾಜ್‌ಕುಮಾರ್ ನವೆಂಬರ್ 15ರಂದು, 108 ದಿನಗಳ ಸೆರೆ ಮುಗಿಸಿ ಬಂದರು. ಎರಡು ವರ್ಷದ ನಂತರ ಕಾಮಗೆರೆಯಿಂದ ಅಪಹರಣವಾದ ಮಾಜಿ ಸಚಿವ ಎಚ್. ನಾಗಪ್ಪ ಜೀವಂತ ಬರಲಿಲ್ಲ; 2002ರ ಡಿಸೆಂಬರ್‌ನಲ್ಲಿ ಕಾಡಿನಲ್ಲಿ ಅವರ ಶವ ಸಿಕ್ಕಿತು. ಸಚಿವರಾಗಿದ್ದವರು ಅವರು, ನಟರಲ್ಲ. ಹೆಸರಿನ ತೂಕ ಕುರ್ಚಿಯಿಂದ ಬರುವುದಿಲ್ಲವೆಂದು ನಮ್ಮ ಜಿಲ್ಲೆಗೆ ಇಷ್ಟು ಕಟುವಾಗಿ ತಿಳಿಯಬಾರದಿತ್ತು.

ಕಾನೂನು ವರದಿಗಳಲ್ಲಿ 2000ದ ಆ ತೀರ್ಪನ್ನು ಹುಡುಕುವವರು ರಾಜ್‌ಕುಮಾರ್ ಹೆಸರು ಹಾಕಿ ಹುಡುಕಿ ಪ್ರಯೋಜನವಿಲ್ಲ. ಅದು ದಾಖಲಾಗಿರುವುದು ‘ಅಬ್ದುಲ್ ಕರೀಂ ವಿರುದ್ಧ ಕರ್ನಾಟಕ ರಾಜ್ಯ’ ಎಂದು.