ಹನ್ನೆರಡೂವರೆ ಶಿಲ್ಲಿಂಗ್‌ನ ವೈಫೈ

ನಡುಸಮುದ್ರದಲ್ಲಿ ಒಂದು ಮೆಸೇಜ್‌ಗೆ ಬೆಲೆ ಎಷ್ಟು?

ಇವತ್ತು ಯಾವುದಾದರೂ ದೊಡ್ಡ ಕ್ರೂಸ್ ಹಡಗು ಹತ್ತಿ ನೋಡಿ. ಟಿಕೆಟ್ ದುಡ್ಡು ಬೇರೆ, ಇಂಟರ್ನೆಟ್ ದುಡ್ಡು ಬೇರೆ. ಒಂದು ಫೋನ್‌ಗೆ ದಿನಕ್ಕೆ ಸುಮಾರು 15ರಿಂದ 30 ಡಾಲರ್. ನಮ್ಮ ಮನೆಯಲ್ಲಿ ಇಡೀ ತಿಂಗಳ ಬ್ರಾಡ್‌ಬ್ಯಾಂಡ್‌ಗೆ ಕೊಡೋದನ್ನ ಅಲ್ಲಿ ಒಂದು ದಿನಕ್ಕೆ ಕೊಡಬೇಕು. ಗಂಡ, ಹೆಂಡತಿ, ಇಬ್ಬರು ಮಕ್ಕಳು, ನಾಲ್ಕು ಫೋನ್, ಏಳು ದಿನ. ಲೆಕ್ಕ ನೀವೇ ಹಾಕಿ. "ಇದೇನು ಹಗಲು ದರೋಡೆನಾ?" ಅಂತ ಯಾರಿಗಾದರೂ ಅನ್ನಿಸುತ್ತೆ.

ಆದರೆ ವೀಕ್ಷಕರೇ, ಇದು ಇವತ್ತು ನಿನ್ನೆಯ ಕಥೆ ಅಲ್ಲ. ಸಮುದ್ರದ ಮೇಲೆ ಮಾತನ್ನು ಮಾರುವ ಈ ವ್ಯಾಪಾರಕ್ಕೆ 120 ವರ್ಷಗಳಿಗೂ ಮೀರಿದ ಇತಿಹಾಸ ಇದೆ. ಆ ಇತಿಹಾಸದಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತೆ. ಇರೋದು ಒಂದೇ ದಾರಿ, ಕಾಯ್ತಿರೋ ಸಂದೇಶಗಳು ನೂರು. ಮೊದಲು ಯಾರದ್ದು ಹೋಗಬೇಕು? ದುಡ್ಡು ಕೊಟ್ಟವನದ್ದೋ, ಪ್ರಾಣ ಉಳಿಸುವಂಥದ್ದೋ?

ಶುರುವಿನಿಂದ ನೋಡೋಣ.

1899ರ ನವೆಂಬರ್ 15. ನ್ಯೂಯಾರ್ಕ್‌ನಿಂದ ಇಂಗ್ಲೆಂಡಿಗೆ ಹೊರಟಿದ್ದ 'ಸೇಂಟ್ ಪಾಲ್' ಎಂಬ ಹಡಗಿನಲ್ಲಿ ಗುಗ್ಲಿಯೆಲ್ಮೊ ಮಾರ್ಕೋನಿ ಪ್ರಯಾಣ ಮಾಡ್ತಾ ಇದ್ದರು. ಹಡಗು ಇಂಗ್ಲೆಂಡ್ ತೀರದ ಹತ್ತಿರ ಬರುತ್ತಿದ್ದಂತೆ ವೈಟ್ ದ್ವೀಪದ ನೀಡಲ್ಸ್ ಕೇಂದ್ರದಿಂದ ನಿಸ್ತಂತು ಸಂದೇಶಗಳು ಬರತೊಡಗಿದವು. ಬೋಯರ್ ಯುದ್ಧದ ಸುದ್ದಿಗಳು. ಅವನ್ನು ಹಡಗಿನಲ್ಲೇ ಅಚ್ಚು ಹಾಕಿ 'ಟ್ರಾನ್ಸ್‌ಅಟ್ಲಾಂಟಿಕ್ ಟೈಮ್ಸ್' ಅಂತ ಪುಟ್ಟ ಪತ್ರಿಕೆ ಮಾಡಿದರು. ಒಂದು ಪ್ರತಿಗೆ ಒಂದು ಡಾಲರ್! ಆ ಹಣ ನಾವಿಕರ ನಿಧಿಗೆ ಹೋಯಿತು ಅನ್ನೋದು ನಿಜ. ಆದರೆ ಸಮುದ್ರದ ಮೇಲೆ ಸುದ್ದಿಗೆ ಜನ ಕೇಳಿದಷ್ಟು ಕೊಡ್ತಾರೆ ಅನ್ನೋದು ಅವತ್ತೇ ಗೊತ್ತಾಗಿ ಹೋಯಿತು.

ಇದಕ್ಕೂ ಕೆಲವು ವರ್ಷ ಮುಂಚೆಯೇ ಕೋಲ್ಕತ್ತಾದಲ್ಲಿ ನಮ್ಮ ಜಗದೀಶಚಂದ್ರ ಬೋಸ್ ತಂತಿಯಿಲ್ಲದೆ ಸಂಕೇತ ಕಳಿಸಿ ತೋರಿಸಿದ್ದರು. ಆದರೆ ಬೋಸ್ ಅದನ್ನು ವ್ಯಾಪಾರ ಮಾಡಲು ಹೋಗಲಿಲ್ಲ. ಮಾರ್ಕೋನಿ ಹೋದರು. ಅದೂ ಎಂಥ ವ್ಯಾಪಾರ! ಹಡಗಿಗೆ ಯಂತ್ರವನ್ನು ಬಾಡಿಗೆಗೆ ಕೊಡೋದು, ಅದನ್ನು ನಡೆಸುವ ಆಪರೇಟರ್‌ನನ್ನೂ ತಾವೇ ಕೊಡೋದು. ಬೇರೆ ಕಂಪನಿಯ ಯಂತ್ರ ಇರುವ ಹಡಗಿನ ಜೊತೆ ನಮ್ಮವರು ಮಾತಾಡಲ್ಲ ಅನ್ನೋ ನಿಯಮ ಬೇರೆ. ಇವತ್ತಿನ ಭಾಷೆಯಲ್ಲಿ ಹೇಳೋದಾದರೆ 'ನೆಟ್‌ವರ್ಕ್ ಲಾಕ್'. ಕೊನೆಗೆ 1906ರಲ್ಲಿ ದೇಶಗಳೆಲ್ಲ ಬರ್ಲಿನ್‌ನಲ್ಲಿ ಸೇರಿ, ಯಾರ ಯಂತ್ರವೇ ಆಗಲಿ ದಡ ಮತ್ತು ಹಡಗಿನ ನಡುವೆ ಸಂದೇಶ ಸ್ವೀಕರಿಸಲೇಬೇಕು ಎಂಬ ಒಪ್ಪಂದ ಮಾಡಿಕೊಳ್ಳಬೇಕಾಯಿತು.

ನಿಸ್ತಂತುವಿನ ತಾಕತ್ತು ಜಗತ್ತಿಗೆ ಗೊತ್ತಾಗೋಕೆ ಎರಡು ಘಟನೆ ಸಾಕಾಯಿತು. 1909ರ ಜನವರಿಯಲ್ಲಿ 'ರಿಪಬ್ಲಿಕ್' ಹಡಗಿಗೆ ಮಂಜಿನಲ್ಲಿ ಇನ್ನೊಂದು ಹಡಗು ಡಿಕ್ಕಿ ಹೊಡೆಯಿತು. ಆಪರೇಟರ್ ಜಾಕ್ ಬಿನ್ಸ್ ಕಳಿಸಿದ ಸಂದೇಶದಿಂದ ಸಹಾಯ ಬಂತು, ಸುಮಾರು 1500 ಜನ ಬದುಕಿದರು. ಮರುವರ್ಷ, 1910ರಲ್ಲಿ, ಹೆಂಡತಿಯ ಕೊಲೆ ಆರೋಪ ಹೊತ್ತು ಲಂಡನ್‌ನಿಂದ ಪರಾರಿಯಾಗಿದ್ದ ಡಾಕ್ಟರ್ ಕ್ರಿಪ್ಪೆನ್ 'ಮಾಂಟ್‌ರೋಸ್' ಹಡಗಿನಲ್ಲಿ ವೇಷ ಮರೆಸಿ ಕೆನಡಾಕ್ಕೆ ಹೊರಟಿದ್ದ. ಕ್ಯಾಪ್ಟನ್‌ಗೆ ಅನುಮಾನ ಬಂತು, ವೈರ್‌ಲೆಸ್ ಮಾಡಿದ. ಲಂಡನ್ ಪೊಲೀಸ್ ಅಧಿಕಾರಿ ಇನ್ನೂ ವೇಗದ ಹಡಗು ಹತ್ತಿ ಮುಂದೆ ಹೋಗಿ ಕಾದು ಕುಳಿತ. ಇಡೀ ಜಗತ್ತು ಪತ್ರಿಕೆಗಳಲ್ಲಿ ಈ ಬೆನ್ನಟ್ಟುವಿಕೆಯನ್ನು ಓದುತ್ತಿತ್ತು. ಗೊತ್ತಿಲ್ಲದೇ ಇದ್ದವನು ಕ್ರಿಪ್ಪೆನ್ ಒಬ್ಬನೇ!

ಈಗ 1912ಕ್ಕೆ ಬನ್ನಿ. ಟೈಟಾನಿಕ್.

ಸಿನಿಮಾ ನೋಡಿದ್ದೀರಿ. ಆದರೆ ಆ ಹಡಗಿನ 'ಇಂಟರ್ನೆಟ್ ಪ್ಯಾಕೇಜ್' ಬಗ್ಗೆ ಗೊತ್ತಾ? ಪ್ರಯಾಣಿಕರು ಟೆಲಿಗ್ರಾಂ ಕಳಿಸಬಹುದಿತ್ತು. ಮೊದಲ ಹತ್ತು ಪದಕ್ಕೆ 12 ಶಿಲ್ಲಿಂಗ್ 6 ಪೆನ್ಸ್, ಅಂದರೆ ಹನ್ನೆರಡೂವರೆ ಶಿಲ್ಲಿಂಗ್. ಆಮೇಲೆ ಪ್ರತಿ ಪದಕ್ಕೆ 9 ಪೆನ್ಸ್. ಇದು ಎಷ್ಟು ದುಬಾರಿ? ಅದೇ ಹಡಗಿನಲ್ಲಿ ಊಟ ಬಡಿಸುವ, ಹಾಸಿಗೆ ಹಾಸುವ ಸ್ಟುವರ್ಡ್‌ಗೆ ತಿಂಗಳ ಸಂಬಳ 3 ಪೌಂಡ್ 15 ಶಿಲ್ಲಿಂಗ್. ಒಟ್ಟು 75 ಶಿಲ್ಲಿಂಗ್. ಅಂದರೆ ಆರು ಟೆಲಿಗ್ರಾಂ ಕಳಿಸಿದರೆ ಅವನ ಇಡೀ ತಿಂಗಳ ದುಡಿಮೆ ಖಲಾಸ್!

ಟೆಲಿಗ್ರಾಂ ಕಳಿಸುತ್ತಿದ್ದವರು ಇಬ್ಬರು ಹುಡುಗರು. 25 ವರ್ಷದ ಜಾಕ್ ಫಿಲಿಪ್ಸ್, 22 ವರ್ಷದ ಹೆರಾಲ್ಡ್ ಬ್ರೈಡ್. ಇವರು ಹಡಗು ಕಂಪನಿಯ ನೌಕರರಲ್ಲ, ಮಾರ್ಕೋನಿ ಕಂಪನಿಯವರು. ಇದನ್ನ ನೆನಪಿಟ್ಟುಕೊಳ್ಳಿ. ಅವರ ಕಂಪನಿಗೆ ಆದಾಯ ಬರುತ್ತಿದ್ದದ್ದು ಪ್ರಯಾಣಿಕರ ಸಂದೇಶದಿಂದ. ಏಪ್ರಿಲ್ 12ರ ರಾತ್ರಿ ಯಂತ್ರ ಕೆಟ್ಟಿತು. ಕಂಪನಿ ನಿಯಮದ ಪ್ರಕಾರ ಅವರು ಅದನ್ನು ಬಿಚ್ಚುವಂತಿರಲಿಲ್ಲ. ಆದರೂ ರಾತ್ರಿಯಿಡೀ ಕೂತು ಬೆಳಗಿನ ಜಾವಕ್ಕೆ ರಿಪೇರಿ ಮಾಡಿದರು. ಅಷ್ಟರಲ್ಲಿ ಪ್ರಯಾಣಿಕರ ಟೆಲಿಗ್ರಾಂ ರಾಶಿ ಬಿದ್ದಿತ್ತು.

ಏಪ್ರಿಲ್ 14, ಭಾನುವಾರ ರಾತ್ರಿ. ಕೆನಡಾ ಕಡೆಯ ಕೇಪ್ ರೇಸ್ ಕೇಂದ್ರ ಸಂಪರ್ಕಕ್ಕೆ ಸಿಕ್ಕಿತು. ಫಿಲಿಪ್ಸ್ ಒಂದೊಂದೇ ಟೆಲಿಗ್ರಾಂ ಕಳಿಸತೊಡಗಿದ. ಸುಮಾರು 9.40ಕ್ಕೆ 'ಮೆಸಾಬಾ' ಹಡಗಿನಿಂದ ಎಚ್ಚರಿಕೆ ಬಂತು: ಮುಂದೆ ಭಾರೀ ಮಂಜುಗಡ್ಡೆಗಳಿವೆ. ಆ ಸಂದೇಶ ಹಡಗು ನಡೆಸುವ ಅಧಿಕಾರಿಗಳಿದ್ದ ಬ್ರಿಜ್‌ಗೆ ತಲುಪಲೇ ಇಲ್ಲ ಎಂದು ಮುಂದೆ ಬ್ರಿಟಿಷ್ ವಿಚಾರಣೆ ಹೇಳಿತು. ರಾತ್ರಿ 11ರ ಸುಮಾರಿಗೆ ಹತ್ತಿರದಲ್ಲೇ ಇದ್ದ 'ಕ್ಯಾಲಿಫೋರ್ನಿಯನ್' ಹಡಗಿನ ಆಪರೇಟರ್, ನಾವು ಮಂಜಿನ ನಡುವೆ ನಿಂತುಬಿಟ್ಟಿದ್ದೇವೆ ಅಂತ ತಿಳಿಸಲು ಹೊರಟ. ಕೆಲಸಕ್ಕೆ ಅಡ್ಡ ಬಂತು ಅಂತ ಫಿಲಿಪ್ಸ್ ಅವನನ್ನು ಗದರಿ ಸುಮ್ಮನಾಗಿಸಿದ. ಅವನು ಸ್ವಲ್ಪ ಹೊತ್ತು ಕೇಳಿಸಿಕೊಂಡು, ಯಂತ್ರ ಆಫ್ ಮಾಡಿ ಮಲಗಿಕೊಂಡ. 11.40ಕ್ಕೆ ಟೈಟಾನಿಕ್ ಮಂಜುಗಡ್ಡೆಗೆ ಬಡಿಯಿತು. ಸುಮಾರು 1500 ಜನ ಸತ್ತರು.

ಫಿಲಿಪ್ಸ್ ಖಳನಾಯಕನಾ? ನನ್ನ ಪ್ರಕಾರ ಖಂಡಿತ ಅಲ್ಲ. ನೀರು ಒಳಗೆ ನುಗ್ಗುವವರೆಗೂ ಅವನು ಸಹಾಯಕ್ಕಾಗಿ ಸಂದೇಶ ಕಳಿಸುತ್ತಲೇ ಇದ್ದ, ಆ ರಾತ್ರಿಯೇ ಪ್ರಾಣ ಬಿಟ್ಟ. ಅವನು ಹಠ ಹಿಡಿದು ಯಂತ್ರ ರಿಪೇರಿ ಮಾಡಿರದಿದ್ದರೆ 'ಕಾರ್ಪೇಥಿಯಾ' ಹಡಗು ಬರುತ್ತಲೇ ಇರಲಿಲ್ಲ, ಬದುಕಿದ 700ಕ್ಕೂ ಹೆಚ್ಚು ಜನರೂ ಉಳಿಯುತ್ತಿರಲಿಲ್ಲ. ತಪ್ಪು ಇದ್ದದ್ದು ವ್ಯವಸ್ಥೆಯಲ್ಲಿ. ಯಾವುದು ಮೊದಲು ಅನ್ನೋದನ್ನು ಬಿಲ್ಲು ಹೇಳುತ್ತಿತ್ತು.

ಆಮೇಲೆ ಕಾನೂನು ಬಂತು. 1914ರ ಜನವರಿಯಲ್ಲಿ ಲಂಡನ್‌ನಲ್ಲಿ ಸಮುದ್ರದ ಮೇಲಿನ ಜೀವ ಸುರಕ್ಷತೆಯ ಮೊದಲ ಅಂತಾರಾಷ್ಟ್ರೀಯ ಒಪ್ಪಂದಕ್ಕೆ ಸಹಿ ಬಿತ್ತು. 'ಸೋಲಾಸ್' ಅಂತ ಇವತ್ತಿಗೂ ಕರೆಯೋದು ಇದನ್ನೇ. ದೊಡ್ಡ ಪ್ರಯಾಣಿಕ ಹಡಗಿನಲ್ಲಿ ವೈರ್‌ಲೆಸ್ ಬಳಿ ಹಗಲೂ ರಾತ್ರಿ ಕಿವಿಗೊಟ್ಟು ಕೂರುವವರು ಇರಲೇಬೇಕು ಅನ್ನೋ ಮಾತು ಅದರಲ್ಲಿತ್ತು.

ಮುಂದಿನದ್ದು ತಂತ್ರಜ್ಞಾನದ ಓಟ. 1929ರಲ್ಲಿ 'ಲೆವಿಯಾಥನ್' ಹಡಗಿನಿಂದ ದಡಕ್ಕೆ ಫೋನ್ ಸೇವೆ ಶುರುವಾಯಿತು. 1976ರಲ್ಲಿ ಹಡಗುಗಳಿಗಾಗಿ 'ಮಾರಿಸ್ಯಾಟ್' ಉಪಗ್ರಹಗಳು ಹಾರಿದವು. 1979ರಲ್ಲಿ 'ಇನ್‌ಮಾರ್ಸ್ಯಾಟ್' ಎಂಬ ಅಂತಾರಾಷ್ಟ್ರೀಯ ಸಂಸ್ಥೆ ಹುಟ್ಟಿತು. ಇನ್ನು 1999ನೇ ಇಸವಿ ನೋಡಿ, ಎಂಥ ವರ್ಷ! ಆ ಫೆಬ್ರವರಿ 1ರಿಂದ ಉಪಗ್ರಹ ಆಧಾರಿತ ಹೊಸ ಸುರಕ್ಷತಾ ವ್ಯವಸ್ಥೆ ಪೂರ್ತಿ ಜಾರಿಗೆ ಬಂದು, ಅಪಾಯದ ಕರೆಗೆ ಮೋರ್ಸ್ ಕಡ್ಡಾಯ ಅನ್ನೋ ಕಾಲ ಮುಗಿಯಿತು. ಅದೇ ವರ್ಷ 'ನಾರ್ವೇಜಿಯನ್ ಸ್ಕೈ' ಹಡಗಿನಲ್ಲಿ ಮೊದಲ ಇಂಟರ್ನೆಟ್ ಕೆಫೆ ತೆರೆಯಿತು. ಟಕಟಕ ಸದ್ದು ನಿಂತ ವರ್ಷವೇ ಕೀಬೋರ್ಡ್ ಸದ್ದು ಶುರು. ಆಮೇಲಿನ ವರ್ಷಗಳಲ್ಲಿ ಹಡಗಿನ ಇಂಟರ್ನೆಟ್‌ಗೆ ನಿಮಿಷಕ್ಕೆ 75 ಸೆಂಟ್ ಆಸುಪಾಸು ದರ ಸಾಮಾನ್ಯವಾಗಿತ್ತು. ಪೇಜ್ ತೆರೆಯೋದನ್ನ ಕಾಯೋದಕ್ಕೂ ದುಡ್ಡು!

ಯಾಕೆ ಅಷ್ಟು ನಿಧಾನ? ಇಂಜಿನಿಯರಿಂಗ್ ಓದಿದವನು ನಾನು, ಇಷ್ಟು ಲೆಕ್ಕ ಹೇಳಲೇಬೇಕು. ಹಳೆಯ ಉಪಗ್ರಹಗಳು ಇರುವುದು ಭೂಮಿಯಿಂದ 35,786 ಕಿಲೋಮೀಟರ್ ಮೇಲೆ. ನಿಮ್ಮ ಮೆಸೇಜ್ ಮೇಲೆ ಹೋಗಿ, ದಡಕ್ಕೆ ಇಳಿದು, ಉತ್ತರ ಅದೇ ದಾರಿಯಲ್ಲಿ ವಾಪಸ್ ಬರಬೇಕು. ಒಟ್ಟು 1.43 ಲಕ್ಷ ಕಿಲೋಮೀಟರ್. ಬೆಳಕಿನ ವೇಗದಲ್ಲಿ ಹೋದರೂ ಹತ್ತಿರ ಹತ್ತಿರ ಅರ್ಧ ಸೆಕೆಂಡ್. ವಿಡಿಯೋ ಕಾಲ್‌ನಲ್ಲಿ "ಹಲೋ... ಹಲೋ..." ಅಂತ ಇಬ್ಬರೂ ಒಟ್ಟಿಗೆ ಮಾತಾಡೋದು ಅದಕ್ಕೇ. ಸ್ಟಾರ್‌ಲಿಂಕ್ ಉಪಗ್ರಹಗಳು ಇರೋದು ಸುಮಾರು 550 ಕಿಲೋಮೀಟರ್ ಎತ್ತರದಲ್ಲಿ. ದೂರವೇ ಕಮ್ಮಿ, ಕಾಯುವಿಕೆಯೂ ಕಮ್ಮಿ. 2022ರ ಆಗಸ್ಟ್‌ನಲ್ಲಿ ರಾಯಲ್ ಕೆರಿಬಿಯನ್ ತನ್ನ ಹಡಗುಗಳಿಗೆಲ್ಲ ಇದನ್ನು ಹಾಕುವುದಾಗಿ ಘೋಷಿಸಿತು, ಉಳಿದ ದೊಡ್ಡ ಕಂಪನಿಗಳೂ ಹಿಂದೆ ಬಿದ್ದವು. ವೇಗ ಬಂತು. ದರ ಮಾತ್ರ ಇಳಿದು ಕೈಗೆ ಸಿಗಲಿಲ್ಲ.

ಹಾಗಾದರೆ ಕ್ರೂಸ್ ಹೊರಟಿರುವವರು ಏನು ಮಾಡಬೇಕು?

ಮೊದಲನೆಯದು, ಹಡಗು ಹತ್ತುತ್ತಲೇ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ವೈಫೈ ಮಾತ್ರ ಆನ್ ಮಾಡಿ. ಅನೇಕ ಹಡಗುಗಳಲ್ಲಿ ಅವರದ್ದೇ ಮೊಬೈಲ್ ಟವರ್ ಇರುತ್ತೆ. ನಿಮ್ಮ ಫೋನ್ ತಾನಾಗಿ ಅದಕ್ಕೆ ಅಂಟಿಕೊಂಡರೆ ಊರಿಗೆ ಬಂದ ಮೇಲೆ ಬಿಲ್ ನೋಡಿ ತಲೆ ತಿರುಗುತ್ತೆ. ನೀವು ಹಾಕಿಸಿಕೊಂಡ ದೇಶದ ರೋಮಿಂಗ್ ಪ್ಯಾಕ್ ಹಡಗಿಗೂ ಅನ್ವಯ ಆಗುತ್ತೆ ಅಂದುಕೊಳ್ಳಬೇಡಿ, ಕಂಪನಿಯವರನ್ನು ಕೇಳಿ.

ಎರಡನೆಯದು, ಇಂಟರ್ನೆಟ್ ಬೇಕೇ ಬೇಕು ಅಂದರೆ ಹೊರಡುವ ಮುಂಚೆಯೇ ಬುಕ್ ಮಾಡಿ. ಸಾಮಾನ್ಯವಾಗಿ ಹಡಗು ಹತ್ತಿದ ಮೇಲಿನ ದರಕ್ಕಿಂತ ಮೊದಲೇ ಕೊಂಡರೆ ಕಮ್ಮಿ. ಒಂದೇ ಡಿವೈಸ್‌ನ ಪ್ಲಾನ್‌ನಲ್ಲಿ ಒಂದು ಫೋನ್ ಲಾಗ್‌ಔಟ್ ಮಾಡಿ ಇನ್ನೊಂದರಲ್ಲಿ ಲಾಗಿನ್ ಆಗಲು ಅನೇಕ ಕಡೆ ಬಿಡುತ್ತಾರೆ. ಮನೆಮಂದಿಗೆಲ್ಲ ಒಂದೊಂದು ಬೇಡ.

ಮೂರನೆಯದು, 'ಫ್ರೀ ವೈಫೈ' ಆಫರ್. ಪಾನೀಯ, ಟಿಪ್ಸ್, ವೈಫೈ ಎಲ್ಲ ಸೇರಿಸಿ ಪ್ಯಾಕೇಜ್ ಕೊಡ್ತಾರೆ. ನೀವು ಕುಡಿಯದವರಾದರೆ ಪಕ್ಕದ ಟೇಬಲ್‌ನವನ ಬಿಲ್ಲನ್ನು ನೀವು ಕಟ್ಟಿದ ಹಾಗೆ! ಆಫರ್ ಇಲ್ಲದ ಬರೀ ಟಿಕೆಟ್ ದರ ಎಷ್ಟು, ಜೊತೆಗೆ ವೈಫೈ ಎಷ್ಟು ಅಂತ ಬೇರೆ ಬೇರೆ ಬರೆದು ಕೂಡಿಸಿ. ವೈಕಿಂಗ್‌ನಂಥವರು ಸಾಧಾರಣ ವೈಫೈಯನ್ನು ಟಿಕೆಟ್‌ನಲ್ಲೇ ಸೇರಿಸುತ್ತಾರೆ. ಅಂಥವನ್ನೂ ಹೋಲಿಸಿ ನೋಡಿ.

ನಾಲ್ಕನೆಯದು ನಮ್ಮವರಿಗೇ ಇರುವ ತಲೆನೋವು, ಓಟಿಪಿ. ಸಿಮ್ ಆಫ್ ಇದ್ದರೆ ಬ್ಯಾಂಕಿನ ಎಸ್‌ಎಂಎಸ್ ಬರುವ ಭರವಸೆ ಇಲ್ಲ. ಹಾಗಾಗಿ ವೀಸಾ, ಟಿಕೆಟ್, ವಿಮೆ, ಮ್ಯಾಪ್ ಎಲ್ಲ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಹಡಗಿನ ಖರ್ಚಿನ ಖಾತೆಗೆ ಕಾರ್ಡ್ ಜೋಡಿಸುವ ಕೆಲಸ ದಡದಲ್ಲೇ ಮುಗಿಸಿ. ಹಡಗಿನ ಆ್ಯಪನ್ನೂ ಮೊದಲೇ ಹಾಕಿಕೊಳ್ಳಿ. ಊಟದ ಸಮಯ, ಕಾರ್ಯಕ್ರಮದ ಪಟ್ಟಿ ನೋಡೋಕೆ ಸಾಮಾನ್ಯವಾಗಿ ಪ್ಯಾಕೇಜ್ ಬೇಕಿಲ್ಲ.

ಇನ್ನೊಂದು ಎಚ್ಚರಿಕೆ. ಹುಷಾರುತನ ಮಾಡಿ ಸ್ವಂತ ರೌಟರ್, ಉಪಗ್ರಹ ಡಿಶ್ ಒಯ್ಯಬೇಡಿ, ಅನೇಕ ಕಂಪನಿಗಳು ನಿಷೇಧಿಸಿವೆ. ಅನುಮತಿ ಇಲ್ಲದ ಸ್ಯಾಟಲೈಟ್ ಫೋನ್ ಅಂತೂ ಭಾರತದಲ್ಲಿ ಅಪರಾಧ. 2008ರ ಮುಂಬೈ ದಾಳಿಕೋರರು ಸಮುದ್ರದ ದಾರಿಯಲ್ಲಿ, ಸ್ಯಾಟಲೈಟ್ ಫೋನ್ ಹಿಡಿದೇ ಬಂದಿದ್ದರು ಅನ್ನೋದನ್ನ ಈ ದೇಶ ಮರೆತಿಲ್ಲ.

ಇಷ್ಟೆಲ್ಲ ಪ್ರಯಾಣಿಕರ ಮಾತಾಯಿತು. ಆದರೆ ಹಡಗಿನಲ್ಲಿ ಇನ್ನೊಂದು ಊರೇ ಇರುತ್ತೆ, ನೀರಿನ ಮಟ್ಟದ ಕೆಳಗೆ, ಕಿಟಕಿ ಇಲ್ಲದ ಕೋಣೆಗಳಲ್ಲಿ. ಅಡುಗೆಯವರು, ಕ್ಯಾಬಿನ್ ಸ್ವಚ್ಛ ಮಾಡುವವರು, ಇಂಜಿನ್ ರೂಮಿನವರು. ಅವರಲ್ಲಿ ಭಾರತೀಯರು ಸಾವಿರಾರು. ಮಂಗಳೂರು, ಉಡುಪಿ, ಕಾರವಾರದ ಎಷ್ಟೋ ಮನೆಗಳಲ್ಲಿ 'ಶಿಪ್ಪಿನಲ್ಲಿದ್ದಾನೆ' ಅನ್ನೋದು ಕೇಳಿ ಕೇಳಿ ರೂಢಿಯಾದ ಮಾತು.

2020ರ ಫೆಬ್ರವರಿ ನೆನಪಿದೆಯಾ? ಜಪಾನಿನ ಯೊಕೊಹಾಮಾದಲ್ಲಿ 'ಡೈಮಂಡ್ ಪ್ರಿನ್ಸೆಸ್' ಹಡಗನ್ನು ಕೊರೊನಾ ಕಾರಣಕ್ಕೆ ತಡೆದು ನಿಲ್ಲಿಸಿದರು. 3,711 ಜನ ಒಳಗೆ, 700ಕ್ಕೂ ಹೆಚ್ಚು ಮಂದಿಗೆ ಸೋಂಕು. ಅದರಲ್ಲಿದ್ದ 138 ಭಾರತೀಯರ ಪೈಕಿ 132 ಮಂದಿ ಕೆಲಸಗಾರರು. ಪ್ರಯಾಣಿಕರು ಕೋಣೆ ಬಾಗಿಲು ಹಾಕಿಕೊಂಡು ಕೂತಿದ್ದರು, ಇವರು ಅವರಿಗೆ ಊಟ ಹಂಚುತ್ತಿದ್ದರು. ನಮ್ಮ ಹುಡುಗರು ಮೊಬೈಲ್‌ನಲ್ಲಿ ವಿಡಿಯೋ ಮಾಡಿ "ನಮ್ಮನ್ನು ಕಾಪಾಡಿ" ಅಂತ ಕಳಿಸಿದರು. ಆ ವಿಡಿಯೋಗಳು ನಮ್ಮ ನ್ಯೂಸ್‌ರೂಮ್‌ಗಳಿಗೆ ಬಂದವು, ನೀವೂ ಪರದೆ ಮೇಲೆ ನೋಡಿದಿರಿ. ಫೆಬ್ರವರಿ 27ರಂದು 119 ಭಾರತೀಯರನ್ನು ಹೊತ್ತ ಏರ್ ಇಂಡಿಯಾ ವಿಮಾನ ದೆಹಲಿಗೆ ಇಳಿಯಿತು. ಅವತ್ತು ಅವರ ಕೈಲಿದ್ದ ಆ ಇಂಟರ್ನೆಟ್, 1912ರಲ್ಲಿ ಫಿಲಿಪ್ಸ್ ಕೈಲಿದ್ದ ಮೋರ್ಸ್ ಕೀಲಿಯ ಕೆಲಸವನ್ನೇ ಮಾಡಿತು.

ಕಾನೂನು ಇಲ್ಲೂ ತಡವಾಗಿಯೇ ಬಂತು. ನಾವಿಕರ ಹಕ್ಕುಗಳ ಅಂತಾರಾಷ್ಟ್ರೀಯ ಒಪ್ಪಂದಕ್ಕೆ 2022ರಲ್ಲಿ ತಿದ್ದುಪಡಿ ಆಗಿ, 2024ರ ಡಿಸೆಂಬರ್ 23ರಿಂದ ಜಾರಿಯಾಗಿದೆ. ಸಾಧ್ಯವಿರುವ ಮಟ್ಟಿಗೆ ಹಡಗಿನ ಮಾಲೀಕರು ಸಿಬ್ಬಂದಿಗೆ ಇಂಟರ್ನೆಟ್ ಒದಗಿಸಬೇಕು, ದುಡ್ಡು ತೆಗೆದುಕೊಂಡರೂ ಅದು ನ್ಯಾಯವಾಗಿರಬೇಕು ಎನ್ನುತ್ತದೆ ಅದು. 'ಸಾಧ್ಯವಿರುವ ಮಟ್ಟಿಗೆ' ಅನ್ನೋ ಪದದಲ್ಲಿ ಎಷ್ಟು ಜಾಗ ಇದೆ ನೋಡಿ! ಅಲ್ಲೇ ನಾವು ಕಣ್ಣಿಡಬೇಕಾದದ್ದು.

ಅದಕ್ಕೇ ಟಿಕೆಟ್ ಬುಕ್ ಮಾಡುವಾಗ ವೈಫೈ ದರ ಕೇಳುವ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಿ: ನಿಮ್ಮ ಸಿಬ್ಬಂದಿಗೆ ಮನೆಯವರ ಜೊತೆ ಮಾತಾಡೋಕೆ ಎಷ್ಟು ತಗೋತೀರಿ? ಉತ್ತರ ಬರಲಿ, ಬರದೇ ಇರಲಿ, ಗಿರಾಕಿಗಳು ಇದನ್ನ ಕೇಳ್ತಾರೆ ಅಂತ ಕಂಪನಿಗೆ ಗೊತ್ತಾಗಲಿ. ನಿಮಗೆ ಆ ವೈಫೈ ಫೋಟೋ ಹಾಕೋಕೆ. ನಿಮ್ಮ ಹಾಸಿಗೆ ಹಾಸುವವನಿಗೆ ಅದು ಮಗಳ ಮುಖ ನೋಡೋಕೆ.